ನಾಲ್ಕು ಮೋಡ್‌ಗಳ ಕೋಷ್ಟಕ ಮತ್ತು ಲ್ಯಾಬಿನಲ್ಲಿ ಕಾಣದ ಅಲೆ

ಸೌರ ಪಂಪ್‌ಸೆಟ್‌ನ ಕಂಟ್ರೋಲರ್, ಮನೆಯ ಸೋಲಾರ್ ಇನ್ವರ್ಟರ್, ಆಸ್ಪತ್ರೆಯ ಯುಪಿಎಸ್, ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರ್ ಡ್ರೈವ್ ಎಲ್ಲವೂ ಮಾಡುವುದು ಒಂದೇ ಜಾತಿಯ ಕೆಲಸ. ಕರೆಂಟು, ವೋಲ್ಟೇಜು, ತಿರುಗುವ ಕೋನ ಇವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯಬೇಕು, ಅಷ್ಟೇ ಬೇಗ ಲೆಕ್ಕ ಹಾಕಬೇಕು, ಆ ಲೆಕ್ಕದಂತೆ ಟ್ರಾನ್ಸಿಸ್ಟರುಗಳನ್ನು ಆನ್-ಆಫ್ ಮಾಡಬೇಕು. ಇಂಥ ಕೆಲಸಕ್ಕೆಂದೇ ರೂಪುಗೊಂಡ ಚಿಪ್‌ಗಳ ವರ್ಗಕ್ಕೆ ಡಿಜಿಟಲ್ ಸಿಗ್ನಲ್ ಕಂಟ್ರೋಲರ್ ಎಂದು ಹೆಸರು. ಅಮೆರಿಕದ ಅರಿಜೋನಾದಲ್ಲಿರುವ ಮೈಕ್ರೋಚಿಪ್ ಕಂಪನಿಯ ಡಿಎಸ್‌ಪಿಕ್ ಸರಣಿ ಈ ವರ್ಗದಲ್ಲಿ ಹೆಸರುವಾಸಿ. ಮೈಕ್ರೋಕಂಟ್ರೋಲರಿನಂತೆ ಪಿನ್‌ಗಳನ್ನು ಆಳುವ ಗುಣ, ಸಿಗ್ನಲ್ ಪ್ರೊಸೆಸರಿನಂತೆ ಗುಣಿಸಿ ಕೂಡುವ ವೇಗ ಎರಡೂ ಅದರಲ್ಲಿವೆ. ಡಿಎಸ್‌ಪಿಕ್30 ಮತ್ತು 33ಎಫ್ ಪೀಳಿಗೆಯ 16 ಬಿಟ್ ಚಿಪ್‌ಗಳಲ್ಲಿ 40 ಬಿಟ್ ಅಗಲದ ಎರಡು ಅಕ್ಯುಮುಲೇಟರ್‌ಗಳಿರುವುದು ಈ ಲೆಕ್ಕದ ವೇಗಕ್ಕಾಗಿಯೇ.

ಆದರೆ ಎಷ್ಟೇ ಚುರುಕಾದರೂ ಆ ಚಿಪ್ ಒಂಟಿಯಾಗಿ ಏನನ್ನೂ ಮಾಡಲಾರದು. ಮೋಟಾರಿನ ಕೋನ ಹೇಳುವುದು ಇನ್ನೊಂದು ಚಿಪ್, ಟ್ರಾನ್ಸಿಸ್ಟರುಗಳ ಗೇಟ್ ತಳ್ಳುವುದು ಮತ್ತೊಂದು, ಸೆಟ್ಟಿಂಗುಗಳನ್ನು ನೆನಪಿಟ್ಟುಕೊಳ್ಳುವ ಮೆಮೊರಿ ಮಗದೊಂದು. ಇವೆಲ್ಲವುಗಳ ಜೊತೆ ಅದು ಮಾತಾಡುವುದು ಬಹುತೇಕ ಎಸ್‌ಪಿಐ ಎಂಬ ನಾಲ್ಕು ತಂತಿಗಳ ಮೂಲಕ. ಕ್ಲಾಕಿಗೆ ಒಂದು ತಂತಿ, ಹೋಗುವ ಡೇಟಾಗೆ ಒಂದು, ಬರುವ ಡೇಟಾಗೆ ಒಂದು, ಯಾವ ಚಿಪ್‌ಗೆ ಮಾತು ಎಂದು ಆರಿಸಲು ಒಂದು.

ಈ ನಾಲ್ಕು ತಂತಿಗಳಿಗೆ ನಾಲ್ಕು ಮೋಡ್‌ಗಳಿವೆ. ಎಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿಗೆ ಆ ನಾಲ್ಕು ಸಾಲಿನ ಕೋಷ್ಟಕ ಬಾಯಿಪಾಠ. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗುತ್ತದೆ. ಅದೇ ವಿದ್ಯಾರ್ಥಿಯ ಮುಂದೆ ಒಂದು ಸೆನ್ಸರಿನ ಡೇಟಾಶೀಟ್ ಇಟ್ಟು, ಟೈಮಿಂಗ್ ಡಯಾಗ್ರಾಂ ತೋರಿಸಿ, ಇದು ಯಾವ ಮೋಡ್ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ತಪ್ಪು ವಿದ್ಯಾರ್ಥಿಯದಲ್ಲ, ಕಲಿಸುವ ಕ್ರಮದ್ದು. ರಾಜ್ಯದ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಲ್ಯಾಬುಗಳು ಕೋಷ್ಟಕವನ್ನು ಪಕ್ಕಕ್ಕಿಟ್ಟು ತಂತಿಯ ಮೇಲಿನ ಅಲೆಯನ್ನೇ ಓದಿಸಬೇಕು. ಹಾಗೆ ಓದಬಲ್ಲವರನ್ನು ತಯಾರು ಮಾಡದೆ ಚಿಪ್ ಉದ್ಯಮದ ಕನಸು ಕಾಣುವುದರಲ್ಲಿ ಅರ್ಥವಿಲ್ಲ.

ಮೋಡ್ ಎಂದರೇನು? ಕ್ಲಾಕ್ ತಂತಿ ಕೆಲಸವಿಲ್ಲದಾಗ ಕೆಳಗೆ, ಅಂದರೆ ಸೊನ್ನೆ ವೋಲ್ಟಿನಲ್ಲಿ ನಿಂತಿರಬಹುದು, ಅಥವಾ ಮೇಲೆ ನಿಂತಿರಬಹುದು. ಇದು ಮೊದಲ ಆಯ್ಕೆ. ಕೆಲಸ ಶುರುವಾದಾಗ ಕ್ಲಾಕ್ ಏರುತ್ತದೆ, ಇಳಿಯುತ್ತದೆ. ಪ್ರತಿ ಬಿಟ್‌ಗೂ ಒಂದು ಏರು, ಒಂದು ಇಳಿ. ಈ ಎರಡರಲ್ಲಿ ಒಂದು ಅಂಚಿನಲ್ಲಿ ಕಳಿಸುವವನು ಹೊಸ ಬಿಟ್ಟನ್ನು ತಂತಿಯ ಮೇಲೆ ಇಡುತ್ತಾನೆ, ಇನ್ನೊಂದು ಅಂಚಿನಲ್ಲಿ ಪಡೆಯುವವನು ಅದನ್ನು ಎತ್ತಿಕೊಳ್ಳುತ್ತಾನೆ. ಮೊದಲು ಬರುವ ಅಂಚಿನಲ್ಲಿ ಎತ್ತಿಕೊಳ್ಳುವುದೋ, ಎರಡನೆಯದರಲ್ಲೋ ಎಂಬುದು ಎರಡನೇ ಆಯ್ಕೆ. ಎರಡೆರಡು ಆಯ್ಕೆ ಸೇರಿ ನಾಲ್ಕು ಮೋಡ್. ಸೊನ್ನೆ ಮತ್ತು ಮೂರನೇ ಮೋಡ್‌ಗಳಲ್ಲಿ ಬಿಟ್ ಎತ್ತಿಕೊಳ್ಳುವುದು ಏರುವ ಅಂಚಿನಲ್ಲಿ; ಒಂದು ಮತ್ತು ಎರಡನೇ ಮೋಡ್‌ಗಳಲ್ಲಿ ಇಳಿಯುವ ಅಂಚಿನಲ್ಲಿ.

ಒಂದೇ ಒರಳಿನಲ್ಲಿ ಇಬ್ಬರು ಭತ್ತ ಕುಟ್ಟುವಾಗ ಒಬ್ಬರ ಒನಕೆ ಮೇಲೇಳುವ ಹೊತ್ತಿಗೆ ಇನ್ನೊಬ್ಬರದು ಬೀಳಬೇಕು. ಇಬ್ಬರೂ ಒಟ್ಟಿಗೇ ಬೀಸಿದರೆ ಒನಕೆಗೆ ಒನಕೆ ತಾಗುತ್ತದೆ. ಎಸ್‌ಪಿಐ ನಡೆಯುವುದೂ ಈ ಸರದಿಯ ಮೇಲೆಯೇ. ಆದರೆ ಒರಳಿನಲ್ಲಿ ಲಯ ತಪ್ಪಿದರೆ ಸದ್ದಾಗುತ್ತದೆ, ತಂತಿಯಲ್ಲಿ ಯಾವ ಸದ್ದೂ ಇಲ್ಲ. ಎರಡೂ ಚಿಪ್‌ಗಳು ತಮ್ಮ ಪಾಡಿಗೆ ಕೆಲಸ ಮುಗಿಸಿದ್ದೇವೆ ಎಂದೇ ತಿಳಿದಿರುತ್ತವೆ. ತಲುಪಿದೆ ಎಂದು ಮರಳಿ ಹೇಳುವ ಏರ್ಪಾಡು ಎಸ್‌ಪಿಐನಲ್ಲಿ ಇಲ್ಲ.

ಒಂದು ನಿಜವಾದ ಚಿಪ್ ತೆಗೆದುಕೊಂಡರೆ ಇದರ ಗಂಭೀರತೆ ಗೊತ್ತಾಗುತ್ತದೆ. ಮೋಟಾರಿನ ದಂಡದ ತುದಿಯಲ್ಲಿ ಸಣ್ಣ ಅಯಸ್ಕಾಂತ ಅಂಟಿಸಿ, ಅದರ ಎದುರು ಕೂತು ಕೋನ ಅಳೆಯುವ ಎಎಸ್5047 ಎಂಬ ಸೆನ್ಸರ್ ಇದೆ. ಅದು ಕೋನವನ್ನು 14 ಬಿಟ್‌ಗಳಲ್ಲಿ, ಅಂದರೆ ಒಂದು ಸುತ್ತನ್ನು 16,384 ಭಾಗ ಮಾಡಿ ಹೇಳುತ್ತದೆ. ಕೇಳುವುದು ಮೋಡ್ ಒಂದನ್ನು. ಕಂಟ್ರೋಲರನ್ನು ಮೋಡ್ ಸೊನ್ನೆಯಲ್ಲಿಟ್ಟು ಓದಿದರೆ, ಸೆನ್ಸರ್ ಬಿಟ್ ಬದಲಿಸುವ ಅದೇ ಅಂಚಿನಲ್ಲಿ ಕಂಟ್ರೋಲರ್ ಅದನ್ನು ಎತ್ತಿಕೊಳ್ಳಲು ಹೋಗುತ್ತದೆ. ಹೊಸ ಬಿಟ್ ತಂತಿಗೆ ಬರಲು ಕೆಲವು ನ್ಯಾನೋಸೆಕೆಂಡು ಹಿಡಿಯುವುದರಿಂದ ಕೈಗೆ ಸಿಗುವುದು ಹಳೆಯ ಬಿಟ್. ಇಡೀ ಸಂಖ್ಯೆ ಒಂದು ಸ್ಥಾನ ಜಾರಿ ಅರ್ಧಕ್ಕಿಳಿಯುತ್ತದೆ. 180 ಡಿಗ್ರಿಯಲ್ಲಿ ನಿಂತ ಮೋಟಾರು 90ರಲ್ಲಿದೆ ಎಂದು ಕಂಟ್ರೋಲರ್ ಓದುತ್ತದೆ. ಕೋನ ಕೇಳುವ ಆದೇಶದ 16 ಬಿಟ್‌ಗಳೂ ಒಂದುಗಳೇ ಆಗಿರುವುದರಿಂದ, ಹೋಗುವ ದಾರಿಯಲ್ಲಿ ಬಿಟ್ ಜಾರಿದರೂ ಆದೇಶ ಸರಿಯಾಗಿಯೇ ತಲುಪಿದಂತೆ ಕಾಣುತ್ತದೆ. ಉತ್ತರ ಬಂದಿದೆ, ದಂಡ ತಿರುಗಿಸಿದರೆ ಸಂಖ್ಯೆಯೂ ಬದಲಾಗುತ್ತಿದೆ. ಹಾಗಾಗಿ ಸೆನ್ಸರ್ ಕೆಲಸ ಮಾಡುತ್ತಿದೆ ಎಂದೇ ನಂಬಿಕೆ ಹುಟ್ಟುತ್ತದೆ. ತಪ್ಪು ಕೋನ ನಂಬಿ ಕರೆಂಟು ಹರಿಸಿದರೆ ಮೋಟಾರು ನಡುಗುತ್ತದೆ, ಬಿಸಿಯಾಗುತ್ತದೆ, ಕೆಲವೊಮ್ಮೆ ತಿರುಗುವುದೇ ಇಲ್ಲ. ತಂತ್ರಾಂಶ ಬರೆದವರು ವಾರಗಟ್ಟಲೆ ಗಣಿತದಲ್ಲಿ ತಪ್ಪು ಹುಡುಕುತ್ತಾರೆ. ತಪ್ಪು ಇರುವುದು ಒಂದೇ ಬಿಟ್‌ನಲ್ಲಿ.

ಆ ಸೆನ್ಸರ್ ತಯಾರಿಸಿದವರು ಪ್ರತಿ ಉತ್ತರದ ಜೊತೆ, ತಪ್ಪು ಪತ್ತೆಗೆಂದು, ಒಂದು ಪ್ಯಾರಿಟಿ ಬಿಟ್ಟನ್ನೂ ಕಳಿಸುತ್ತಾರೆ. ಅದನ್ನು ತಾಳೆ ನೋಡುವ ಪ್ರೋಗ್ರಾಂಗೆ ಈ ಜಾರುವಿಕೆ ಬಹುಬೇಗ ಸಿಕ್ಕಿಬೀಳುತ್ತದೆ. ಅವಸರದಲ್ಲಿ ಮಾದರಿ ಕೋಡ್ ನಕಲು ಮಾಡುವವರು ಮೊದಲು ಕೈಬಿಡುವುದು ಈ ತಾಳೆ ನೋಡುವ ಸಾಲುಗಳನ್ನೇ.

ಓದುವುದಕ್ಕಿಂತ ಬರೆಯುವಾಗಿನ ತಪ್ಪು ಇನ್ನೂ ಅಪಾಯಕಾರಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಿಆರ್‌ವಿ8323 ಎಂಬ ಗೇಟ್ ಡ್ರೈವರ್ ಚಿಪ್‌ನ ಎಸ್‌ಪಿಐ ಮಾದರಿ ಮೋಟಾರ್ ಡ್ರೈವ್‌ಗಳಲ್ಲಿ ಬಳಕೆಯಲ್ಲಿದೆ. ಮೇಲಿನ ಟ್ರಾನ್ಸಿಸ್ಟರ್ ಮುಚ್ಚಿ ಕೆಳಗಿನದು ತೆರೆಯುವ ನಡುವೆ ಎಷ್ಟು ನ್ಯಾನೋಸೆಕೆಂಡು ಬಿಡುವಿರಬೇಕು, ಎಷ್ಟು ಕರೆಂಟು ಮೀರಿದರೆ ಕಡಿದುಹಾಕಬೇಕು ಎಂಬುದನ್ನೆಲ್ಲ ಎಸ್‌ಪಿಐ ಮೂಲಕವೇ ಅದಕ್ಕೆ ಹೇಳಬೇಕು. ಅದು ಬಿಟ್ ಎತ್ತಿಕೊಳ್ಳುವುದು ಇಳಿಯುವ ಅಂಚಿನಲ್ಲಿ. ಮೋಡ್ ಸೊನ್ನೆಯಲ್ಲಿರುವ ಕಂಟ್ರೋಲರ್ ಬಿಟ್ ಬದಲಿಸುವುದೂ ಇಳಿಯುವ ಅಂಚಿನಲ್ಲೇ. ಆಗ ಗೆಲ್ಲುವುದು ಹಳೆಯ ಬಿಟ್ಟೋ ಹೊಸದೋ ಎಂಬುದು ತಂತಿಯ ಉದ್ದ, ಚಿಪ್‌ನ ಉಷ್ಣತೆಯಂಥ ಸಣ್ಣ ಸಂಗತಿಗಳಿಗೆ ಬಿಟ್ಟ ವಿಷಯವಾಗುತ್ತದೆ. ಮೇಜಿನ ಮೇಲೆ ಕೆಲಸ ಮಾಡಿದ ಬೋರ್ಡು ಬಿಸಿಲಿನಲ್ಲಿ ನಿಂತ ಪೆಟ್ಟಿಗೆಯೊಳಗೆ ಕೈಕೊಡುವುದು ಹೀಗೆ. ಈ ಚಿಪ್‌ನ 16 ಬಿಟ್ ಮಾತಿನಲ್ಲಿ ಪ್ಯಾರಿಟಿಯೂ ಇಲ್ಲ. ಓದುವುದೋ ಬರೆಯುವುದೋ ಎಂಬುದಕ್ಕೆ ಒಂದು ಬಿಟ್, ವಿಳಾಸಕ್ಕೆ ನಾಲ್ಕು, ವಿಷಯಕ್ಕೆ ಹನ್ನೊಂದು. ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವುದೊಂದೇ ರಕ್ಷಣೆ.

ಒಂದೇ ಬೋರ್ಡಿನ ಮೇಲೆ ಇಂಥ ಬೇರೆ ಬೇರೆ ಮೋಡ್‌ಗಳ ಚಿಪ್‌ಗಳು ಒಟ್ಟಿಗೇ ಇರುತ್ತವೆ. ಕಂಪನ ಅಳೆಯುವ ಎಡಿಎಕ್ಸ್‌ಎಲ್345ಗೆ ಮೋಡ್ ಮೂರು ಬೇಕು. ಫರ್ಮ್‌ವೇರ್ ಇಡುವ ಡಬ್ಲ್ಯು25ಕ್ಯು64 ಫ್ಲ್ಯಾಶ್ ಮೆಮೊರಿ, ವಾಹನದ ಕ್ಯಾನ್ ಜಾಲಕ್ಕೆ ಸೇರಿಸುವ ಎಂಸಿಪಿ2515 ಇವು ಸೊನ್ನೆ ಅಥವಾ ಮೂರು ಎರಡಕ್ಕೂ ಒಗ್ಗುತ್ತವೆ. ಕೋನದ ಸೆನ್ಸರಿಗೂ ಗೇಟ್ ಡ್ರೈವರಿಗೂ ಮೋಡ್ ಒಂದು ಬೇಕು. ಕ್ಲಾಕ್ ಮತ್ತು ಡೇಟಾದ ಅವೇ ಮೂರು ತಂತಿಗಳನ್ನು ಹಂಚಿಕೊಂಡು ಇವೆಲ್ಲ ಕೂತಿರುವಾಗ, ಪ್ರತಿ ಸಲ ಬೇರೆ ಮೋಡ್‌ನ ಚಿಪ್‌ಗೆ ಹೊರಳುವ ಮುನ್ನ ಕಂಟ್ರೋಲರಿನ ಮೋಡ್ ಬದಲಿಸಲೇಬೇಕು. ಆ ಬದಲಾವಣೆ ಆಗಬೇಕಾದದ್ದೂ ಯಾವ ಚಿಪ್‌ನ ಆಯ್ಕೆಯ ತಂತಿಯನ್ನೂ ಇಳಿಸದಿರುವಾಗ, ಅಂದರೆ ಯಾವ ಚಿಪ್ಪೂ ಆಯ್ಕೆಯಾಗದಿರುವಾಗ. ಇಲ್ಲವಾದರೆ ಕ್ಲಾಕ್ ತಂತಿ ತನ್ನ ವಿಶ್ರಾಂತಿಯ ಸ್ಥಾನ ಬದಲಿಸುವ ಆ ಒಂದು ಏರಿಳಿತವನ್ನೇ ಎದುರಿನ ಚಿಪ್ ಮೊದಲ ಬಿಟ್ ಎಂದು ಎಣಿಸಿಬಿಡುತ್ತದೆ.

ಇಷ್ಟೊಂದು ಭಿನ್ನತೆ ಏಕೆ? ಉತ್ತರ ಇತಿಹಾಸದಲ್ಲಿದೆ. ಎಸ್‌ಪಿಐಯನ್ನು 1980ರ ದಶಕದಲ್ಲಿ ರೂಪಿಸಿದ್ದು ಮೊಟೊರೊಲಾ, ತನ್ನದೇ ಮೈಕ್ರೋಕಂಟ್ರೋಲರುಗಳಿಗಾಗಿ. ಕಾಲಕ್ರಮದಲ್ಲಿ ಎಲ್ಲ ಕಂಪನಿಗಳೂ ಅದನ್ನು ಎತ್ತಿಕೊಂಡವು. ಆದರೆ ಯಾವ ಮಾನಕ ಸಂಸ್ಥೆಯೂ ಅದಕ್ಕೆ ಒಂದು ನಿಯಮಗ್ರಂಥ ಬರೆಯಲಿಲ್ಲ. ಅದೇ ಕಾಲದ ಬೇರೆ ಜೋಡಣೆಗಳ ಕಥೆ ಹೀಗಲ್ಲ. ಫಿಲಿಪ್ಸ್ ಕಂಪನಿ 1982ರಲ್ಲಿ ತಂದ ಐ2ಸಿಗೆ ಪ್ರಕಟಿತ ನಿಯಮಾವಳಿಯಿದೆ, ಬಾಷ್ ಕಂಪನಿ 1986ರಲ್ಲಿ ಮುಂದಿಟ್ಟ ಕ್ಯಾನ್ ಮುಂದೆ ಐಎಸ್‌ಒ 11898 ಆಯಿತು. ಎಸ್‌ಪಿಐ ಮಾತ್ರ ರೂಢಿಯಾಗಿ ಉಳಿಯಿತು. ಇದರಿಂದ ಲಾಭವೂ ಆಯಿತು. ಲೈಸೆನ್ಸ್ ಇಲ್ಲ, ವಿಳಾಸದ ಗೋಜಿಲ್ಲ, ಹತ್ತಾರು ಮೆಗಾಹರ್ಟ್ಸ್ ವೇಗಕ್ಕೂ ಸರಳ ಸರ್ಕ್ಯೂಟು ಸಾಕು. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಬಯೋಸ್ ಇಟ್ಟುಕೊಂಡಿರುವ ಫ್ಲ್ಯಾಶ್ ಚಿಪ್ ಮಾತಾಡುವುದೂ, ಕ್ಯಾಮೆರಾದ ಎಸ್‌ಡಿ ಕಾರ್ಡನ್ನು ಸಣ್ಣ ಕಂಟ್ರೋಲರುಗಳು ಓದುವುದೂ ಇದೇ ದಾರಿಯಲ್ಲಿ. ನಷ್ಟವೆಂದರೆ, ಪ್ರತಿ ಕಂಪನಿಯೂ ಒಂದೇ ವಿಷಯವನ್ನು ತನ್ನದೇ ರೀತಿಯಲ್ಲಿ ಹೇಳತೊಡಗಿತು. ಒಬ್ಬರು ಮೋಡ್ ಸಂಖ್ಯೆ ಕೊಡುತ್ತಾರೆ. ಇನ್ನೊಬ್ಬರು ಎರಡು ಬಿಟ್‌ಗಳ ಬೆಲೆ ಕೊಡುತ್ತಾರೆ. ಹಲವರು ಏನನ್ನೂ ಹೇಳದೆ ಟೈಮಿಂಗ್ ಡಯಾಗ್ರಾಂ ಮಾತ್ರ ಬಿಡಿಸಿ ಸುಮ್ಮನಾಗುತ್ತಾರೆ. ಕೊನೆಗೆ ನಂಬಬಹುದಾದದ್ದು ಆ ಚಿತ್ರವೊಂದೇ.

ಡಿಎಸ್‌ಪಿಕ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊಟೊರೊಲಾ ರೂಢಿಯಲ್ಲಿ ಎರಡು ಬಿಟ್‌ಗಳ ಹೆಸರು ಸಿಪೋಲ್ ಮತ್ತು ಸಿಫಾ. ಮೊದಲನೆಯದು ಕ್ಲಾಕ್‌ನ ವಿಶ್ರಾಂತಿಯ ಸ್ಥಾನ, ಎರಡನೆಯದು ಯಾವ ಅಂಚು ಎಂಬುದು. ಮೈಕ್ರೋಚಿಪ್ ತನ್ನ ರಿಜಿಸ್ಟರಿನಲ್ಲಿ ಇಟ್ಟಿರುವುದು ಸಿಕೆಪಿ ಮತ್ತು ಸಿಕೆಇ. ಸಿಕೆಪಿ ಸಿಪೋಲ್‌ಗೆ ಸಮ. ಆದರೆ ಸಿಕೆಇ ಸಿಫಾದ ತದ್ವಿರುದ್ಧ. ಒಂದು ಸೊನ್ನೆಯಾದಾಗ ಇನ್ನೊಂದು ಒಂದಾಗಬೇಕು. ಮೋಡ್ ಸೊನ್ನೆ ಬೇಕಾದರೆ ಸಿಕೆಪಿ ಸೊನ್ನೆ, ಸಿಕೆಇ ಒಂದು. ಕೋಷ್ಟಕ ಬಾಯಿಪಾಠ ಮಾಡಿದ ವಿದ್ಯಾರ್ಥಿ ಎರಡನ್ನೂ ಸೊನ್ನೆ ಬರೆದು ಮೋಡ್ ಸೊನ್ನೆ ಸಿಕ್ಕಿತೆಂದು ತಿಳಿಯುತ್ತಾನೆ. ಸಿಕ್ಕಿರುವುದು ಮೋಡ್ ಒಂದು.

ಇದರ ಇನ್ನೊಂದು ಮುಖವೂ ಇದೆ. ರಿಸೆಟ್ ಆದ ಕೂಡಲೇ ಡಿಎಸ್‌ಪಿಕ್‌ನ ಈ ಎರಡೂ ಬಿಟ್‌ಗಳು ಸೊನ್ನೆಯಲ್ಲಿರುತ್ತವೆ. ಅಂದರೆ ಯಾರೂ ಮುಟ್ಟದಿದ್ದರೆ ಅದು ಮೋಡ್ ಒಂದರಲ್ಲಿ ಕೂತಿರುತ್ತದೆ. ವಿದ್ಯಾರ್ಥಿಗಳು ಮೊದಲು ಕೈಯಾಡಿಸುವ ಆರ್ಡುಯಿನೊ ಬೋರ್ಡು ಸುಮ್ಮನಿದ್ದರೆ ಮೋಡ್ ಸೊನ್ನೆಯಲ್ಲಿರುತ್ತದೆ. ಆರ್ಡುಯಿನೊದಲ್ಲಿ ಸಲೀಸಾಗಿ ನಡೆದ ಸೆನ್ಸರಿನ ಕೋಡನ್ನು ಡಿಎಸ್‌ಪಿಕ್‌ಗೆ ಸಾಗಿಸಿದಾಗ ಸಂಖ್ಯೆಗಳು ಹುಚ್ಚುಹುಚ್ಚಾಗಿ ಬರಲು ಬೇರೆ ಕಾರಣವೇ ಬೇಕಿಲ್ಲ.

ನಾಲ್ಕು ಮೋಡ್‌ಗಳಾಚೆಗೂ ಆ ಚಿಪ್‌ನ ಎಸ್‌ಪಿಐ ಭಾಗದಲ್ಲಿ ಆಯ್ಕೆಗಳ ಸಾಲೇ ಇದೆ. ಒಂದು ಸಲಕ್ಕೆ 8 ಬಿಟ್ ಕಳಿಸುವುದೋ 16 ಬಿಟ್ಟೋ ಎಂಬುದಕ್ಕೆ ಒಂದು ಬಿಟ್. ಕ್ಲಾಕ್ ಕೊಡುವ ಮಾಸ್ಟರೋ, ಅದನ್ನು ಅನುಸರಿಸುವ ಸ್ಲೇವೋ ಎಂಬುದಕ್ಕೆ ಒಂದು. ಬರುವ ಬಿಟ್ಟನ್ನು ಅದರ ಅವಧಿಯ ನಡುವೆ ಎತ್ತಿಕೊಳ್ಳುವುದೋ ಕೊನೆಯಲ್ಲೋ ಎಂಬುದಕ್ಕೆ ಎಸ್‌ಎಂಪಿ ಎಂಬ ಬಿಟ್. ತಂತಿ ಉದ್ದವಾಗಿ, ಎದುರಿನ ಚಿಪ್ ನಿಧಾನವಾಗಿ ಉತ್ತರಿಸುವಾಗ ಕೊನೆಯಲ್ಲಿ ಎತ್ತಿಕೊಳ್ಳುವುದು ಸಹಾಯಕ್ಕೆ ಬರುತ್ತದೆ. ಸ್ಲೇವ್ ಆಗಿರುವಾಗ ಮಾತ್ರ ಈ ಬಿಟ್ ಸೊನ್ನೆಯಲ್ಲೇ ಇರಬೇಕು. ಇವೆಲ್ಲ ಕೈಪಿಡಿಯಲ್ಲಿ ಒಂದೊಂದು ಸಾಲಿನ ಸೂಚನೆಗಳು. ಬಾಯಿಪಾಠಕ್ಕೆ ಸಿಗುವುದಿಲ್ಲ, ಕಾರಣ ತಿಳಿದರೆ ಮರೆಯುವುದೂ ಇಲ್ಲ.

ಕಾರಣ ತಿಳಿಯುವುದು ಎಂದರೇನು ಎಂಬುದಕ್ಕೆ ಅದೇ ಕೈಪಿಡಿಯ ಇನ್ನೊಂದು ಸೂಚನೆ ಸಾಕ್ಷಿ. ಡಿಎಸ್‌ಪಿಕ್ ಸ್ಲೇವ್ ಆಗಿದ್ದು ಸಿಕೆಇ ಒಂದಾಗಿದ್ದರೆ, ಆಯ್ಕೆಯ ತಂತಿಯನ್ನು ಬಳಸಲೇಬೇಕು ಎನ್ನುತ್ತದೆ ಅದು. ಒಂದೇ ಸ್ಲೇವ್ ಇದ್ದರೂ ಬಿಡುವ ಹಾಗಿಲ್ಲ. ಏಕೆ? ಈ ಮೋಡ್‌ಗಳಲ್ಲಿ ಕ್ಲಾಕ್‌ನ ಮೊದಲ ಅಂಚಿನಲ್ಲೇ ಮಾಸ್ಟರ್ ಬಿಟ್ ಎತ್ತಿಕೊಳ್ಳುತ್ತದೆ. ಅಂದಮೇಲೆ ಆ ಅಂಚು ಬರುವ ಮೊದಲೇ ಸ್ಲೇವ್ ತನ್ನ ಮೊದಲ ಬಿಟ್ಟನ್ನು ತಂತಿಯ ಮೇಲೆ ಇಟ್ಟಿರಬೇಕು. ಕ್ಲಾಕ್ ಇನ್ನೂ ಶುರುವಾಗಿಲ್ಲ, ಹಾಗಿದ್ದರೆ ಮಾತು ಆರಂಭವಾಗುತ್ತಿದೆ ಎಂದು ಸ್ಲೇವ್‌ಗೆ ಹೇಳುವವರು ಯಾರು? ಆಯ್ಕೆಯ ತಂತಿ ಇಳಿಯುವ ಆ ಕ್ಷಣವೊಂದೇ. ಇಷ್ಟನ್ನು ಒಮ್ಮೆ ಅಲೆಯಲ್ಲಿ ತೋರಿಸಿದರೆ ವಿದ್ಯಾರ್ಥಿ ನಿಯಮವನ್ನು ತಾನೇ ಬರೆದುಕೊಳ್ಳಬಲ್ಲ.

ಎಸ್‌ಪಿಐನಲ್ಲಿ ಕಳಿಸಿದಷ್ಟೂ ಬಿಟ್‌ಗಳು ಅದೇ ಹೊತ್ತಿಗೆ ಮರಳಿ ಬರುತ್ತವೆ ಎಂಬುದನ್ನೂ ಅಲೆಯೇ ಮನದಟ್ಟು ಮಾಡುತ್ತದೆ. ಬರೆಯುವುದಷ್ಟೇ ತನ್ನ ಕೆಲಸ ಎಂದುಕೊಂಡ ಪ್ರೋಗ್ರಾಂ ಬಂದದ್ದನ್ನು ಓದದೆ ಬಿಟ್ಟರೆ ಡಿಎಸ್‌ಪಿಕ್‌ನಲ್ಲಿ ಎಸ್‌ಪಿಐಆರ್‌ಒವಿ ಎಂಬ ಸೂಚನೆಯ ಬಿಟ್ ಏರುತ್ತದೆ. ಅದನ್ನು ಪ್ರೋಗ್ರಾಂ ಅಳಿಸುವವರೆಗೂ ಹೊಸದಾಗಿ ಬಂದ ಡೇಟಾ ಬಫರಿಗೆ ಸೇರುವುದಿಲ್ಲ. ಮುಂದೆ ಓದಲು ಹೋದಾಗ ಸಿಗುವುದು ಹಳಸಲು ಸಂಖ್ಯೆ. ಈಚಿನ ಚಿಪ್‌ಗಳಲ್ಲಿ ಎಂಟು ಹಂತದ ಬಫರ್ ಬಂದು ಒತ್ತಡ ಕಡಿಮೆಯಾಗಿದೆ, ಓದುವ ಹೊಣೆ ತಪ್ಪಿಲ್ಲ.

ಫ್ರೇಮ್ ಮೋಡ್ ಎಂಬ ಇನ್ನೊಂದು ಬಗೆಯಿದೆ. ಧ್ವನಿಯ ಕೋಡೆಕ್‌ನಂಥ ಚಿಪ್‌ಗಳಿಗೆ ಎಡೆಬಿಡದೆ ಡೇಟಾ ಹರಿಯಬೇಕು. ಅಲ್ಲಿ ಕ್ಲಾಕ್ ನಿಲ್ಲುವುದೇ ಇಲ್ಲ. ಹೊಸ ಮಾತು ಎಲ್ಲಿ ಶುರು ಎಂದು ತೋರಿಸಲು ಆಯ್ಕೆಯ ತಂತಿಯ ಮೇಲೆ ಸಣ್ಣ ಸ್ಪಂದವೊಂದು ಬರುತ್ತದೆ. ಕ್ಲಾಕ್ ಕೊಡುವವರು ಒಬ್ಬರು, ಆ ಸ್ಪಂದ ಕೊಡುವವರು ಇನ್ನೊಬ್ಬರು ಆಗಿರಲೂಬಹುದು. ಹಾಗಾಗಿ ಇಲ್ಲೂ ನಾಲ್ಕು ಸಂಯೋಜನೆಗಳು. ಸ್ಪಂದ ಮೊದಲ ಬಿಟ್‌ನ ಜೊತೆಗೇ ಬರಬೇಕೋ, ಒಂದು ಕ್ಲಾಕ್ ಮುಂಚೆ ಬರಬೇಕೋ ಎಂಬುದೂ ಆಯ್ಕೆ. ಅಲ್ಲಿ ತಪ್ಪಿದರೂ ಪರಿಣಾಮ ಅದೇ, ಇಡೀ ಸಂಖ್ಯೆ ಒಂದು ಬಿಟ್ ಜಾರುತ್ತದೆ. ವಿಷಯ ಬದಲಾದರೂ ಬೇಕಾದ ಕೌಶಲ ಒಂದೇ: ಎರಡು ಅಲೆಗಳನ್ನು ಒಂದರ ಕೆಳಗೊಂದು ಇಟ್ಟು ಯಾವುದು ಯಾವಾಗ ಬದಲಾಯಿತು ಎಂದು ನೋಡುವುದು.

ಈಗ ಲ್ಯಾಬಿನ ಮಾತು. 1980ರಲ್ಲಿ ಇಂಟೆಲ್ ತಂದ 8051 ದಶಕಗಳ ಕಾಲ ಭಾರತದ ಮೈಕ್ರೋಕಂಟ್ರೋಲರ್ ಪಾಠಕ್ಕೆ ಬೆನ್ನೆಲುಬಾಗಿತ್ತು. ಮೂಲ 8051ರೊಳಗೆ ಎಸ್‌ಪಿಐ ಇರಲೇ ಇಲ್ಲ. ಆರ್ಮ್ ಕಿಟ್‌ಗಳು ಬಂದ ಮೇಲೆ ವಿಷಯ ಪಠ್ಯದೊಳಗೆ ಬಂತು, ಪ್ರಯೋಗದೊಳಗೆ ಸರಿಯಾಗಿ ಇಳಿಯಲಿಲ್ಲ. ಎಸ್‌ಪಿಐ ಪರೀಕ್ಷಿಸಲು ಎಲ್ಲರೂ ಮೊದಲು ಮಾಡುವುದು ಲೂಪ್‌ಬ್ಯಾಕ್. ಹೋಗುವ ಪಿನ್ನಿಗೂ ಬರುವ ಪಿನ್ನಿಗೂ ಒಂದು ಜಂಪರ್ ತಂತಿ ಹಾಕಿ, ಕಳಿಸಿದ ಸಂಖ್ಯೆ ಹಾಗೇ ಮರಳಿತೇ ಎಂದು ನೋಡುವುದು. ಪಿನ್‌ಗಳ ಸೆಟ್ಟಿಂಗ್ ಸರಿಯಿದೆಯೇ ಎಂದು ತಿಳಿಯಲು ಇದು ಒಳ್ಳೆಯ ವಿಧಾನ. ಮೋಡ್ ಕಲಿಸಲು ಇದರಿಂದ ಕವಡೆ ಪ್ರಯೋಜನವಿಲ್ಲ. ಕಳಿಸುವವನೂ ಪಡೆಯುವವನೂ ಒಂದೇ ಚಿಪ್ ಆಗಿರುವುದರಿಂದ ಇಡುವ ಅಂಚು, ಎತ್ತುವ ಅಂಚು ಸದಾ ಎದುರುಬದುರಾಗಿಯೇ ಇರುತ್ತವೆ. ನಾಲ್ಕು ಮೋಡ್‌ಗಳಲ್ಲಿ ಯಾವುದನ್ನಿಟ್ಟರೂ ಉತ್ತರ ಸರಿಯಾಗಿಯೇ ಬರುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಫಲಿತಾಂಶ ಪರಿಶೀಲಿಸಲಾಯಿತು ಎಂದು ಬರೆದು ಸಹಿ ಹಾಕಿಸಿಕೊಂಡ ವಿದ್ಯಾರ್ಥಿ, ಮೋಡ್ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನೋಡದೆಯೇ ಪದವಿ ಪಡೆಯುತ್ತಾನೆ.

ಸಲಕರಣೆ ದುಬಾರಿ ಎಂಬ ಮಾತು ಇಂದು ನಿಲ್ಲುವುದಿಲ್ಲ. ಎಂಟು ತಂತಿಗಳನ್ನು ಒಟ್ಟಿಗೆ ನೋಡುವ, ಸೆಕೆಂಡಿಗೆ 2.4 ಕೋಟಿ ಸಲ ಮಾದರಿ ಎತ್ತುವ ಪುಟ್ಟ ಯುಎಸ್‌ಬಿ ಲಾಜಿಕ್ ಅನಲೈಸರ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಒಂದು ಪಠ್ಯಪುಸ್ತಕದ ಆಸುಪಾಸಿನ ಬೆಲೆಗೆ ಸಿಗುತ್ತವೆ. ಅವನ್ನು ನಡೆಸುವ ಸಿಗ್‌ರಾಕ್ ಯೋಜನೆಯ ಪಲ್ಸ್‌ವ್ಯೂ ತಂತ್ರಾಂಶ ಮುಕ್ತ ಮತ್ತು ಉಚಿತ. ಕೆಲವು ಮೆಗಾಹರ್ಟ್ಸ್‌ವರೆಗಿನ ಎಸ್‌ಪಿಐ ಕ್ಲಾಕನ್ನು ಈ ಜೋಡಿ ಚೆನ್ನಾಗಿ ಹಿಡಿಯುತ್ತದೆ. ತಂತಿಯ ಮೇಲಿನ ನಡುಕ, ಅಂಚಿನ ಓರೆ ಇವನ್ನು ನೋಡಲು ಆಸಿಲೋಸ್ಕೋಪೇ ಬೇಕು, ಅದು ಎಲೆಕ್ಟ್ರಾನಿಕ್ಸ್ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಆ ತಂತ್ರಾಂಶದಲ್ಲೇ ಒಂದು ಅದ್ಭುತ ಪಾಠ ಅಡಗಿದೆ. ಹಿಡಿದಿಟ್ಟ ಅಲೆಯನ್ನು ಸಂಖ್ಯೆಯಾಗಿ ಓದಿಹೇಳುವ ಎಸ್‌ಪಿಐ ಡಿಕೋಡರ್‌ಗೂ ಯಾವ ಮೋಡ್ ಎಂದು ಹೇಳಬೇಕು. ಒಂದೇ ಅಲೆಯನ್ನು ಇಟ್ಟುಕೊಂಡು ಡಿಕೋಡರಿನ ಮೋಡ್ ಮಾತ್ರ ಬದಲಿಸಿದರೆ ಪರದೆಯ ಮೇಲಿನ ಸಂಖ್ಯೆಗಳು ಬದಲಾಗುತ್ತವೆ. ತಂತಿಯಲ್ಲಿ ನಡೆದದ್ದು ಒಂದೇ, ಓದಿದ ರೀತಿಯಿಂದ ಅರ್ಥ ಬೇರೆಯಾಯಿತು. ಗಂಟೆಗಟ್ಟಲೆ ಉಪನ್ಯಾಸ ಮಾಡಲಾರದ್ದನ್ನು ಈ ಒಂದು ಕ್ಲಿಕ್ ಮಾಡುತ್ತದೆ.

ಕೋಡ್ ಬರೆದುಕೊಡುವ ಸಾಧನಗಳು ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಮೈಕ್ರೋಚಿಪ್‌ನ ಎಂಪಿಲ್ಯಾಬ್‌ನಲ್ಲಿ ಪಟ್ಟಿಯಿಂದ ಮೋಡ್ ಆರಿಸಿದರೆ ರಿಜಿಸ್ಟರುಗಳನ್ನು ಅದೇ ತುಂಬಿಕೊಡುತ್ತದೆ, ನಿಜ. ಕೆಲಸದ ವೇಗ ಹೆಚ್ಚಿಸುವ ಅಂಥ ಸಾಧನಗಳನ್ನು ಬಳಸಲೇಬೇಕು. ಆದರೆ ಪಟ್ಟಿಯಿಂದ ಯಾವುದನ್ನು ಆರಿಸಬೇಕು ಎಂದು ಆ ಸಾಧನ ಹೇಳುವುದಿಲ್ಲ. ಎದುರಿನ ಚಿಪ್ ಯಾವ ಕಂಪನಿಯದು, ಅದರ ಡೇಟಾಶೀಟ್ ಏನನ್ನುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಕೃತಕ ಬುದ್ಧಿಮತ್ತೆಯಿಂದ ಕೋಡ್ ಬರೆಸಿದರೂ ತಂತಿಯ ಮೇಲೆ ಏನಾಗುತ್ತಿದೆ ಎಂದು ಪ್ರೋಬ್ ಹಿಡಿದು ನೋಡಿ ಒಪ್ಪಬೇಕಾದವರು ಮನುಷ್ಯರೇ. ಆ ಒಪ್ಪಿಗೆ ಕೊಡುವ ಶಕ್ತಿಯನ್ನೇ ಲ್ಯಾಬ್ ಬೆಳೆಸಬೇಕು.

ಕರ್ನಾಟಕಕ್ಕೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಚಿಪ್ ವಿನ್ಯಾಸ ಕೇಂದ್ರ ತೆರೆದದ್ದು 1985ರಲ್ಲಿ. ಆಮೇಲೆ ಜಗತ್ತಿನ ಹೆಸರಾಂತ ಚಿಪ್ ಕಂಪನಿಗಳು ಇಲ್ಲಿಗೆ ಬಂದವು. ಪೀಣ್ಯದ ಸಣ್ಣ ಕಾರ್ಖಾನೆಗಳಿಂದ ಹಿಡಿದು ವಿದ್ಯುತ್ ವಾಹನ ಕಟ್ಟುವ ಹೊಸ ಕಂಪನಿಗಳವರೆಗೆ ಬೋರ್ಡು ವಿನ್ಯಾಸ ಮಾಡುವವರು, ಅದನ್ನು ನಡೆಸುವ ಫರ್ಮ್‌ವೇರ್ ಬರೆಯುವವರು ಇಲ್ಲಿ ದುಡಿಯುತ್ತಿದ್ದಾರೆ. ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ ಸೆಮಿಕಂಡಕ್ಟರ್ ಉದ್ಯಮಕ್ಕೆ 76,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಚಿಪ್ ತಯಾರಿಸುವ ಫ್ಯಾಬ್ ಕಟ್ಟುವುದು ದೊಡ್ಡ ಕೆಲಸ, ಆಗಲೇಬೇಕಾದದ್ದು. ಆದರೆ ಚಿಪ್ ಎಲ್ಲಿಯದೇ ಆಗಲಿ, ಅದು ಇನ್ವರ್ಟರೋ ಪಂಪ್ ಕಂಟ್ರೋಲರೋ ಆಗುವುದು ನಾಲ್ಕಾರು ಚಿಪ್‌ಗಳನ್ನು ಸರಿಯಾಗಿ ಮಾತಾಡಿಸಬಲ್ಲವರ ಕೈಯಲ್ಲಿ. ಆ ಕೈಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಡಿಯ ಕಾಲೇಜುಗಳಿಂದ, ಜಿಲ್ಲೆಜಿಲ್ಲೆಯ ಪಾಲಿಟೆಕ್ನಿಕ್‌ಗಳಿಂದ ಬರಬೇಕು.

ಪಾಲಿಟೆಕ್ನಿಕ್‌ಗಳ ವಿಷಯದಲ್ಲಿ ಭಾಷೆಯ ತೊಡಕೂ ಇದೆ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗ ಹುಡುಗಿಯರಿಗೆ ಡೇಟಾಶೀಟಿನ ಇಂಗ್ಲಿಷ್ ಮೊದಲ ಗೋಡೆ. ಟೈಮಿಂಗ್ ಡಯಾಗ್ರಾಂಗೆ ಭಾಷೆ ಇಲ್ಲ. ಗೆರೆ ಏರುವುದು, ಇಳಿಯುವುದು, ಬಾಣದ ಗುರುತು ಎಲ್ಲಿ ಬಿದ್ದಿದೆ ಎಂಬುದು ಎಲ್ಲರಿಗೂ ಒಂದೇ. ಆ ಚಿತ್ರವನ್ನು ಮುಂದಿಟ್ಟುಕೊಂಡು ಕನ್ನಡದಲ್ಲೇ ವಿವರಿಸುವ ಲ್ಯಾಬ್ ಕೈಪಿಡಿ ಇದ್ದರೆ ಅವರು ಯಾರಿಗೂ ಕಡಿಮೆಯಿಲ್ಲದಂತೆ ಕಲಿಯುತ್ತಾರೆ. ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಕ ಸಂಸ್ಥೆ ಎಐಸಿಟಿಇ 2021ರಲ್ಲೇ ಅವಕಾಶ ಕೊಟ್ಟಿದೆ. ಕ್ಲಾಕ್, ರಿಜಿಸ್ಟರ್, ಮೋಡ್ ಇಂಥ ಮಾತುಗಳನ್ನು ಹಾಗೇ ಇಟ್ಟುಕೊಂಡು, ಕಾರಣ-ಪರಿಣಾಮಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಪುಸ್ತಕಗಳಿಗೆ ವಿಶ್ವವಿದ್ಯಾಲಯವೂ ತಾಂತ್ರಿಕ ಶಿಕ್ಷಣ ಇಲಾಖೆಯೂ ಹಣ ಒದಗಿಸಬೇಕು.

ಮಾಡಬೇಕಾದ ಬದಲಾವಣೆ ದೊಡ್ಡದೇನಲ್ಲ. ಲೂಪ್‌ಬ್ಯಾಕ್ ಪ್ರಯೋಗದ ಪಕ್ಕದಲ್ಲೇ ಇನ್ನೊಂದು ಪ್ರಯೋಗ ಸೇರಿಸಿದರೆ ಸಾಕು. ಮೋಡ್ ಮೂರು ಬಯಸುವ ಎಡಿಎಕ್ಸ್‌ಎಲ್345ನಂಥ ಸೆನ್ಸರನ್ನು ಕಿಟ್‌ಗೆ ಜೋಡಿಸುವುದು. ಅದರ ಗುರುತಿನ ರಿಜಿಸ್ಟರಿನಲ್ಲಿ ಕಾರ್ಖಾನೆಯಲ್ಲೇ ಬರೆದ 1110 0101 ಎಂಬ ಬದಲಾಗದ ಬೆಲೆ ಇದೆ. ಅದನ್ನು ನಾಲ್ಕೂ ಮೋಡ್‌ಗಳಲ್ಲಿ ಓದಿಸಿ, ಯಾವುದರಲ್ಲಿ ಸರಿ ಬಂತು, ಉಳಿದವುಗಳಲ್ಲಿ ಏನು ಬಂತು ಎಂದು ಬರೆಸುವುದು. ಪ್ರತಿ ಸಲವೂ ಲಾಜಿಕ್ ಅನಲೈಸರಿನಲ್ಲಿ ಅಲೆ ಹಿಡಿದು, ತಪ್ಪಾದ ಕಡೆ ಯಾವ ಅಂಚಿನಲ್ಲಿ ಏನಾಯಿತು ಎಂದು ವಿದ್ಯಾರ್ಥಿಯ ಕೈಯಿಂದಲೇ ಗುರುತು ಹಾಕಿಸುವುದು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮುನ್ನ ನೋಡಿರದ ಒಂದು ಚಿಪ್‌ನ ಟೈಮಿಂಗ್ ಡಯಾಗ್ರಾಂ ಕೊಟ್ಟು, ಡಿಎಸ್‌ಪಿಕ್ ಅಥವಾ ಆರ್ಮ್ ರಿಜಿಸ್ಟರಿಗೆ ಯಾವ ಬಿಟ್ ಬರೆಯಬೇಕು ಎಂದು ಕೇಳುವುದು. ಇದಕ್ಕೆ ಬೇಕಾದ ಸಲಕರಣೆ ಒಂದು ಬ್ಯಾಚಿಗೆ ಒಂದು ಸೆನ್ಸರ್, ಒಂದು ಅನಲೈಸರ್. ಸಮಯ ಒಂದು ಮಧ್ಯಾಹ್ನ. ಮುಂದಿನ ಪಠ್ಯಕ್ರಮ ಪರಿಷ್ಕರಣೆಯಲ್ಲಿ ಅಧ್ಯಯನ ಮಂಡಳಿ ಇದನ್ನು ಕಡ್ಡಾಯ ಪ್ರಯೋಗಗಳ ಪಟ್ಟಿಗೆ ಸೇರಿಸಬೇಕು. ಅಲ್ಲಿಯವರೆಗೆ ಕಾಯಲು ಇಷ್ಟವಿಲ್ಲದ ಅಧ್ಯಾಪಕರು ಈ ಸೆಮಿಸ್ಟರಿನ ಲ್ಯಾಬಿನಲ್ಲೇ ಇದನ್ನು ಶುರು ಮಾಡಬಹುದು, ಯಾವ ನಿಯಮವೂ ಅವರನ್ನು ತಡೆಯುವುದಿಲ್ಲ.